ಫೇಡರ್ ಪೆಟ್ಟಿಗೆ, ಕಂತು 6: ರಾತ್ರಿ ದೇವರು, ಬೆಳಿಗ್ಗೆ ದೆವ್ವ

ಹಾಡು ಮಿಕ್ಸ್ ಮಾಡಲು, ಮೋಟಾರಿನಿಂದ ತಾವಾಗಿಯೇ ಓಡುವ ಫೇಡರ್‌ಗಳ (ದನಿಯ ಮಟ್ಟ ಏರಿಳಿಸುವ ಜಾರುಗುಬ್ಬಿಗಳ) ಪೆಟ್ಟಿಗೆಯೊಂದನ್ನು ಮನೆಯಲ್ಲೇ ಕಟ್ಟುತ್ತಿದ್ದೇನೆ. ಹೋದ ಕಂತಿನಲ್ಲಿ "ಎರಡು ಫೇಡರ್ ಓಡ್ತಿವೆ, ಇನ್ನು ಎಂಟಕ್ಕೆ ಏರಿಸೋದಷ್ಟೇ ಬಾಕಿ" ಅಂತ ಕೊಚ್ಚಿಕೊಂಡಿದ್ದೆ. ಹನ್ನೊಂದು ದಿನ ಕಳೆದಿದೆ, ಈಗಲೂ ಎರಡೇ. ಆದರೆ ನಿನ್ನೆ ಸಂಜೆಯಿಂದ ಆ ಎರಡೂ ಹೇಳಿದ ಮಾತು ಕೇಳುತ್ತಿವೆ.

ಮೋಟಾರು ಗುರಿಯಲ್ಲೇ ನಿಲ್ಲುವ ಹಾಗೆ ಪಳಗಿಸುವ ಪಿಐಡಿ ಟ್ಯೂನಿಂಗ್, ಮೋಟಾರಿಗೆ ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಪಿಡಬ್ಲ್ಯೂಎಂ ಅನ್ನು 31 ಕಿಲೋಹರ್ಟ್ಜ್‌ಗೆ ಏರಿಸಿ ಮೋಟಾರಿನ ಸೊಳ್ಳೆ ರಾಗ ನಿಲ್ಲಿಸಿದ್ದು, ಇವೆಲ್ಲ ನೀವೂ ಪಟ್ಟಿರುವ ಪಾಡೇ, ಬಿಡಿ. ನನ್ನ ತಲೆ ತಿಂದದ್ದು ಟಚ್, ಅಂದರೆ ಫೇಡರ್ ಮೇಲೆ ಬೆರಳಿದೆಯೋ ಇಲ್ಲವೋ ಅಂತ ಪತ್ತೆ ಹಚ್ಚುವುದು.

ಪೆಟ್ಟಿಗೆಯೂ ಲ್ಯಾಪ್‌ಟಾಪಿನ ಮಿಕ್ಸಿಂಗ್ ತಂತ್ರಾಂಶ ರೀಪರ್ ಕೂಡ ಮಾತಾಡಿಕೊಳ್ಳುವುದು ಮಿಡಿ (ಸಂಗೀತ ಉಪಕರಣಗಳ ಸಂದೇಶ ಪದ್ಧತಿ) ಮೇಲೆ ಕಟ್ಟಿದ ಮ್ಯಾಕಿ ಕಂಟ್ರೋಲ್ ಭಾಷೆಯಲ್ಲಿ. ಅದರಲ್ಲಿ ಒಂದು ಫೇಡರ್ ಆಡುವುದು ಎರಡು ಮಾತು. "ಇಲ್ಲಿದ್ದೇನೆ" ಅನ್ನೋದು ಪಿಚ್ ಬೆಂಡ್ ಅನ್ನುವ ಮಿಡಿ ಸಂದೇಶವಾಗಿ ಹೋಗುತ್ತದೆ, ಒಂದೊಂದು ಫೇಡರ್‌ಗೆ ಒಂದೊಂದು ಮಿಡಿ ಚಾನೆಲ್. "ಬೆರಳು ಬಂತು, ಬೆರಳು ಹೋಯ್ತು" ಅನ್ನೋದು ನೋಟ್ ಅನ್ನುವ ಸಂದೇಶವಾಗಿ ಹೋಗುತ್ತದೆ: ಮೊದಲ ಫೇಡರ್‌ಗೆ 104, ಎರಡನೆಯದಕ್ಕೆ 105. ಬೆರಳಿರುವಷ್ಟು ಹೊತ್ತು ನನ್ನ ಕೋಡ್ ಮೋಟಾರನ್ನು ಸುಮ್ಮನಿರಿಸುತ್ತದೆ. ತೆಗೆದ ತಕ್ಷಣ, ರೀಪರ್ ಕೊನೆಗೆ ಕಳಿಸಿದ ಜಾಗಕ್ಕೆ ಓಡಿಸುತ್ತದೆ. ಈ ಎರಡನೆಯ ಮಾತು ತೊದಲಿತು ಅಂದುಕೊಳ್ಳಿ. ನಾನು ಮೇಲಕ್ಕೆ ತಳ್ಳುತ್ತಿರುವಾಗಲೇ ಪೆಟ್ಟಿಗೆಗೆ "ಬೆರಳು ಹೋಯ್ತು" ಅನ್ನಿಸುತ್ತದೆ, ಮೋಟಾರು ಕ್ಷಣದ ಹಿಂದಿನ ಜಾಗಕ್ಕೆ ಜಗ್ಗುತ್ತದೆ, ಮರುಕ್ಷಣ "ಅಯ್ಯೋ ಇದೆ" ಅಂತ ಬಿಡುತ್ತದೆ. ಮುಷ್ಟಿಯಲ್ಲಿ ಜೀರುಂಡೆ ಹಿಡಿದ ಅನುಭವ. ಗೆಳೆಯನೊಬ್ಬನ ಭಾವಗೀತೆ ಮಿಕ್ಸ್ ಮಾಡುತ್ತಿದ್ದೆ. ಚರಣದಲ್ಲಿ ದನಿಯನ್ನು ಒಂದೂವರೆ ಡಿಬಿ ಎತ್ತೋಣ ಅಂತ, ಬೆರಳಿರುವಷ್ಟು ಹೊತ್ತು ಮಾತ್ರ ಫೇಡರ್ ಚಲನೆ ದಾಖಲಿಸುವ ಟಚ್ ಮೋಡ್‌ನಲ್ಲಿ ಬರೆದರೆ, ವಾಲ್ಯೂಮ್ ಎನ್ವಲಪ್ (ದನಿಯ ಏರಿಳಿತದ ಗೆರೆ) ಗರಗಸದ ಹಲ್ಲಿನ ಹಾಗೆ ಬಂತು.

ಹುಚ್ಚು ಹಿಡಿಸಿದ್ದು ಅದಲ್ಲ. ರಾತ್ರಿ ಸರಿ ಇರುತ್ತಿತ್ತು, ಬೆಳಿಗ್ಗೆ ಕೆಡುತ್ತಿತ್ತು. ಮೊದಲ ರಾತ್ರಿ ಥ್ರೆಶೋಲ್ಡ್ (ಟಚ್ ಎಣಿಕೆ ಎಷ್ಟು ದಾಟಿದರೆ ಬೆರಳಿದೆ ಅನ್ನುವ ಗಡಿ) ಬದಲಿಸಿದೆ, ಬೆಣ್ಣೆಯ ಹಾಗೆ ಓಡಿತು, ಖುಷಿಯಾಗಿ ಮಲಗಿದೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಮುಟ್ಟಿದರೆ ಅದೇ ಗರಗಸ. ಎರಡನೇ ರಾತ್ರಿ ಹತ್ತು ರೀಡಿಂಗ್‌ಗಳ ಸರಾಸರಿ ಹಾಕಿದೆ; ರಾತ್ರಿ ದೇವರು, ಬೆಳಿಗ್ಗೆ ದೆವ್ವ. ಮೂರನೇ ರಾತ್ರಿ ಬೆರಳನ್ನು ಗುರುತಿಸುವ ಸೆನ್ಸ್ ರೆಸಿಸ್ಟರನ್ನು 1 ಮೆಗಾ ಓಮ್‌ನಿಂದ 4.7ಕ್ಕೆ ಏರಿಸಿದೆ. ಕತೆ ಅದೇ. ಒಂದು ಹಂತದಲ್ಲಿ ಪಕ್ಕದ ಮನೆಯ ಬೋರ್‌ವೆಲ್ ಮೋಟಾರಿನ ಮೇಲೆ ಅನುಮಾನ ಬಂದು, ಅವರು ನೀರು ಬಿಡುವ ಟೈಮ್ ಎಲ್ಲ ಬರೆದಿಟ್ಟೆ. ಅವರಿಗೆ ಗೊತ್ತಾಗದಿರಲಿ.

ಭಾನುವಾರ ಅಮ್ಮ ಮನೆ ಒರೆಸುತ್ತಿದ್ದವಳು ಹಾಗೇ ಕಾಫಿ ತಂದಳು. ಲೋಟ ಇಡಲು ಜಾಗ ಮಾಡುವಾಗ ಪೆಟ್ಟಿಗೆಯ ಅಲ್ಯೂಮಿನಿಯಂ ತಗಡಿಗೆ ಕೈ ತಾಗಿತು.

"ಅಯ್ಯೋ, ಇದೇನೋ ಜುಮ್ ಅನ್ನುತ್ತಲ್ಲೋ!"

"ಏನಿಲ್ಲಮ್ಮ, ನಾನು ದಿನಾ ಮುಟ್ತೀನಲ್ಲ."

ಅವಳು ಮೇಜಿನ ಕೆಳಗೆ ನೋಡಿದಳು. "ನೀನು ಚಪ್ಪಲಿ ಹಾಕ್ಕೊಂಡು ಕೂತಿದೀಯ. ನಾನು ಒದ್ದೆ ನೆಲದ ಮೇಲಿದೀನಿ."

ಕಾಫಿ ಆರಿಹೋಯಿತು. ನಮ್ಮದು ಮೈಸೂರಿನ ಹಳೇ ಮನೆ, ರೆಡ್ ಆಕ್ಸೈಡ್ ನೆಲ. ರಾತ್ರಿ ತಣ್ಣಗಿರುತ್ತೆ ಅಂತ ಹವಾಯಿ ಚಪ್ಪಲಿ ಮೆಟ್ಟಿ ಕೂರುತ್ತೇನೆ. ಬೆಳಿಗ್ಗೆ ಸ್ನಾನ ಮುಗಿಸಿ ಬರಿಗಾಲಲ್ಲಿ ಬರುತ್ತೇನೆ. ಮೂರು ರಾತ್ರಿ ನಾನು ಸರಿಪಡಿಸಿದ ಕೋಡ್‌ಗೂ ಕಾಯಿಲೆಗೂ ಸಂಬಂಧವೇ ಇರಲಿಲ್ಲ.

ಪೆಟ್ಟಿಗೆ ಕಳಿಸುವ ಅಂಕಿಗಳನ್ನು ತೋರಿಸುವ ಸೀರಿಯಲ್ ಮಾನಿಟರ್ ತೆಗೆದು ನೋಡಿದೆ. ಮುಟ್ಟದಿದ್ದರೆ ಟಚ್ ಎಣಿಕೆ ಸುಮಾರು 60. ಚಪ್ಪಲಿ ಹಾಕಿ ಮುಟ್ಟಿದರೆ 800ರ ಆಸುಪಾಸು. ಬರಿಗಾಲಲ್ಲಿ ಮುಟ್ಟಿದರೆ 150ರಿಂದ 1,400ರವರೆಗೆ ಜೋಕಾಲಿ. ಮೋಟಾರಿಗೆ ಹಾಕಿದ್ದು ಎರಡು ಪಿನ್ನಿನ 12 ವೋಲ್ಟ್ ಅಡಾಪ್ಟರ್. ಇಂಥ ಅಡಾಪ್ಟರ್‌ಗಳಲ್ಲಿ ಮೇನ್ಸ್ ಕಡೆಯ ಪ್ರೈಮರಿಗೂ 12 ವೋಲ್ಟ್ ಕಡೆಯ ಸೆಕೆಂಡರಿಗೂ ನಡುವೆ ಒಂದು ಪುಟ್ಟ ವೈ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಮೇನ್ಸ್ ಒಂಚೂರು ಜಿನುಗಿ, ಪೆಟ್ಟಿಗೆಯ ಗ್ರೌಂಡ್ ಪೂರ್ತಿ ಸೆಕೆಂಡಿಗೆ 50 ಸಲ ತೂಗಾಡುತ್ತದೆ. ಅಡುಗೆಮನೆಯ ಅರ್ಥ್‌ಗೆ ಉದ್ದ ವೈರ್ ಎಳೆದು ಮಲ್ಟಿಮೀಟರ್ ಇಟ್ಟರೆ 94 ವೋಲ್ಟ್ ಎಸಿ! ಕರೆಂಟ್ ಮೈಕ್ರೋ ಆಂಪ್ ಲೆಕ್ಕದ್ದು, ಜೀವಕ್ಕೇನಿಲ್ಲ. ಆದರೆ ಬರಿಗಾಲಿನ ಮನುಷ್ಯ ಮುಟ್ಟಿದರೆ ಟಚ್ ಎಣಿಸುವ ಪಿನ್ನಿಗೆ ಆ 50 ಹರ್ಟ್ಜ್ ಸೀದಾ ನುಗ್ಗುತ್ತದೆ.

ಮೂರು ಪಿನ್ ಅಡಾಪ್ಟರ್ ತಂದರಾಯ್ತು, ಮೂರನೇ ಪಿನ್ನಿನ ಮೂಲಕ ಆ ಜಿನುಗು ಅರ್ಥ್‌ಗೆ ಇಳಿದುಹೋಗುತ್ತೆ ಅಂತ ಬೆಂಗಳೂರಿಗೆ ರೈಲು ಹತ್ತಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಾದ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ "ಒರಿಜಿನಲ್ ಸಾರ್, ಅರ್ಥಿಂಗ್ ಪಕ್ಕಾ" ಅಂತ ಕೊಟ್ಟರು. ಮನೆಗೆ ತಂದು ಹಾಕಿದರೆ ಜುಮ್ ಹಾಗೇ ಇದೆ. ಅರ್ಥ್ ಪಿನ್ನಿನಿಂದ ದಾರಿ ಇದೆಯೇ ಅಂತ ಮೀಟರಿನಲ್ಲಿ ಕಂಟಿನ್ಯುಯಿಟಿ ನೋಡಿದೆ, ಬೀಪ್ ಇಲ್ಲ. ಬಿಚ್ಚಿ ನೋಡಿದರೆ ದಪ್ಪ ಪಿನ್ನಿಗೆ ವೈರೇ ಇಲ್ಲ. ಹೆಣ್ಣು ನೋಡಲು ಬಂದ ಗಂಡಿನ ಕಡೆಯ ದೊಡ್ಡಪ್ಪನ ಹಾಗೆ ಸುಮ್ಮನೆ ಗತ್ತಿಗೆ ನಿಂತಿದೆ.

ಎಸ್.ಪಿ. ರೋಡಿಗೆ ಹೋದವನು ಒಂದೇ ವಸ್ತು ತಂದ ಚರಿತ್ರೆ ಇಲ್ಲ. ಎರಡು ಪುಟ್ಟ ಪರದೆಗಳು, ಅಂದರೆ ಓಎಲ್‌ಇಡಿಗಳೂ ಬಂದಿವೆ, ಮುಂದಿನ ಹುಚ್ಚಿಗೆ. ಮ್ಯಾಕಿ ಪರದೆಯಲ್ಲಿ ಒಂದು ಟ್ರ್ಯಾಕ್ ಹೆಸರಿಗೆ ಏಳೇ ಅಕ್ಷರ, ಅದೂ ಇಂಗ್ಲಿಷಿನವು. ಹೆಸರು ಹೊತ್ತು ತರುವ ಸಿಸೆಕ್ಸ್ ಅನ್ನುವ ಮಿಡಿ ಸಂದೇಶದ ಒಳಗಿನ ಬೈಟ್‌ಗಳಿಗೆ ಏಳು ಬಿಟ್ ಮಾತ್ರ. ಕಂಪ್ಯೂಟರ್ ಅಕ್ಷರ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ ಕನಿಷ್ಠ ಮೂರು ಬೈಟ್, ಎಲ್ಲದರಲ್ಲೂ ಎಂಟನೇ ಬಿಟ್ ಏರಿಯೇ ಇರುತ್ತದೆ. ಹೊಸಲು ದಾಟುವ ಮಾತೇ ಇಲ್ಲ. ನನ್ನ ಲೆಕ್ಕ: ಹೆಸರನ್ನು ಮಿಡಿ ಬಿಟ್ಟು ಇನ್ನೊಂದು ಸಂದೇಶ ಪದ್ಧತಿಯಾದ ಓಎಸ್‌ಸಿಯಲ್ಲಿ ತೆಗೆದುಕೊಂಡು, ಒತ್ತಕ್ಷರದ ತಾಪತ್ರಯವನ್ನು ಲ್ಯಾಪ್‌ಟಾಪಿಗೇ ಬಿಟ್ಟು, ಅಲ್ಲೇ ಚಿತ್ರ ಮಾಡಿ ಬಿಟ್‌ಮ್ಯಾಪ್ ಆಗಿ ಪೆಟ್ಟಿಗೆಗೆ ಕಳಿಸುವುದು. "ಹಾರ್ಮೋನಿಯಂ" ಅಂತ ಅರ್ಕಾವತ್ತು ಸಮೇತ ಫೇಡರ್ ಮೇಲೆ ಮಿನುಗಬೇಕು. ಆಯ್ತು, ಅದು ಇನ್ನೊಂದು ಕಂತು.

ಎರಡನೇ ಮೂರು ಪಿನ್ ಅಡಾಪ್ಟರನ್ನು ಮೈಸೂರಿನಲ್ಲೇ ತಂದೆ. ಅಂಗಡಿಯಲ್ಲೇ ಮೀಟರ್ ಇಟ್ಟು, ಬೀಪ್ ಕೇಳಿಸಿಕೊಂಡು, ಅವರ ಗುರ್ರನೆಯ ನೋಟ ತಿಂದು. ಮನೆಗೆ ಬಂದು ಹಾಕಿದರೆ ಜುಮ್! ಆಗ ಅಳು ಬರುವುದೊಂದು ಬಾಕಿ. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಇಟ್ಟರು. ಫೇಸ್‌ಗೂ ನ್ಯೂಟ್ರಲ್‌ಗೂ ಉರಿಯಿತು. ಫೇಸ್‌ಗೂ ಅರ್ಥ್‌ಗೂ ಮಿಣುಕಲೂ ಇಲ್ಲ. ಬೋರ್ಡ್ ಬಿಚ್ಚಿದರೆ ಹಸಿರು ವೈರ್ ನಾಪತ್ತೆ. "ಸಾರ್, ಮೂರು ತೂತಿದೆ ಅಂತ ಮೂರು ವೈರ್ ಇರಲೇಬೇಕಾ?" ಅಂದರು. ನನ್ನ ಕೋಣೆಗೆ ಹೊಸ ಅರ್ಥ್ ಎಳೆಯಲು ಬರುವ ವಾರ ಬರ್ತಾರಂತೆ.

ಅಲ್ಲಿಯವರೆಗೆ ಅಡುಗೆಮನೆಯಿಂದ ಎಕ್ಸ್‌ಟೆನ್ಶನ್. ಅಲ್ಲಿ ಅರ್ಥ್ ಸರಿಯಾಗಿದೆ. ಎಣಿಕೆ ಈಗ ಬರಿಗಾಲಲ್ಲೂ 870ರಿಂದ 900ರೊಳಗೆ ನಿಂತಿದೆ, ಸರಾಸರಿ ಕೋಡನ್ನೆಲ್ಲ ಕಿತ್ತು ಎಸೆದೆ. ನಿನ್ನೆ ಸಂಜೆ ಚರಣದ ಆ ಒಂದೂವರೆ ಡಿಬಿಯನ್ನು ಒಂದೇ ಏಟಿಗೆ ಬರೆದೆ. ಗೆರೆ ನುಣ್ಣಗೆ ಏರಿ ನುಣ್ಣಗೆ ಇಳಿಯಿತು. ಕಿತಾಪತಿ ಇರುವುದು ಒಂದೇ: ಅಡುಗೆಮನೆಯ ಬೋರ್ಡಿನಲ್ಲಿ ಖಾಲಿ ಇರುವ ಸಾಕೆಟ್ ಒಂದೇ. ಇವತ್ತು ಬೆಳಿಗ್ಗೆ ಎಂಟಕ್ಕೆ, ಪಲ್ಲವಿಯ ನಡುವೆ, ಎರಡೂ ಫೇಡರ್ ಜೀವ ಬಿಟ್ಟವು. ಒಳಗಿನಿಂದ ಗರ್‌ರ್ ಸದ್ದು, ಅದರ ಹಿಂದೆ ಅಮ್ಮನ ದನಿ:

"ಮೊದಲು ಚಟ್ನಿ ಮಿಕ್ಸಿ, ಆಮೇಲೆ ನಿನ್ ಮಿಕ್ಸಿ!"