ಇಂಗ್ಲಿಷ್‌ನ್ಯಾಗ ನಾನು ಏನಾಗ್ತೀನಿ?

ಸೋಮವಾರ ರಾತ್ರಿ ಕೇಳಿದ ಮಾತು, ಇವತ್ತು ಶನಿವಾರ, ಇನ್ನೂ ಕಿವಿಯಲ್ಲೇ ಇದೆ.

ಮಗಳು ಎಸ್‌ಎಸ್‌ಸಿ ಸಿಜಿಎಲ್‌ಗೆ ಓದುತ್ತಿದ್ದಾಳೆ, ಕೇಂದ್ರ ಸರ್ಕಾರದ ಕೆಲಸಕ್ಕೆ ಬರೆಯುವ ಪರೀಕ್ಷೆ ಅದು. ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಅರ್ಧ ಗಂಟೆ ನಾನು ಪದ ಓದಬೇಕು, ಅವಳು ಅದೇ ಅರ್ಥದ ಬೇರೆ ಪದ ಹೇಳಬೇಕು. ಈ ವಾರ ಮನುಷ್ಯರ ಸ್ವಭಾವದ ಪದಗಳು. ನಮ್ಮ ಬಟ್ಟೆ ಅಂಗಡಿಯ ಅಂಗಿ ಡಬ್ಬಿಗಳ ರಟ್ಟು ಕತ್ತರಿಸಿ ಚೀಟಿ ಮಾಡಿಕೊಂಡಿದ್ದಾಳೆ. ನೆನಪಲ್ಲಿ ಉಳಿಯಲಿ ಅಂತ ಒಂದೊಂದು ಪದಕ್ಕೆ ಗೊತ್ತಿರುವ ಒಬ್ಬರನ್ನು ಜೋಡಿಸಿದ್ದಾಳೆ. ಗ್ಯಾರುಲಸ್, ಅಂದರೆ ವಟವಟ ಮಾತಾಡುವವರು, ಪಕ್ಕದ ಮನೆ ದೊಡ್ಡಮ್ಮ. ಟಾಸಿಟರ್ನ್, ಅಂದರೆ ಮಾತು ಕಮ್ಮಿ ಇರುವವರು, ಅವಳ ಸೋದರಮಾವ. ಒಳ್ಳೆ ಉಪಾಯ ಅಂತ ನಾನೂ ಅಂದುಕೊಂಡಿದ್ದೆ.

"ಥ್ರಿಫ್ಟಿ" ಅಂತ ಓದಿದೆ. ದುಂದು ಮಾಡದವರು ಅಂತ ಅರ್ಥ.

"ಸ್ಟಿಂಜಿ, ಮೈಸರ್ಲಿ" ಅಂದಳು, ಎರಡೂ ಜಿಪುಣ ಅನ್ನೋ ಪದಗಳು. "ತಾತ."

ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರಲ್ಲ. ತಾತ ಅನ್ನೋದು ಮಾತ್ರ ಕೇಳಿಸಿತು.

"ನನ್ನ ಹೆಸರು ಯಾಕ ಬಂತವಾ ಅದರಾಗ?"

ಮಗಳು ನನ್ನ ಮುಖ ನೋಡಿದಳು. ನಾನು ಚೀಟಿ ನೋಡಿದೆ.

"ಏನಿಲ್ಲಪ್ಪ, ಸುಮ್ನೆ ಒಂದು ಪದ."

"ಪದ ಇರಲಿ. ಇಂಗ್ಲಿಷ್‌ನ್ಯಾಗ ನಾನು ಏನಾಗ್ತೀನಿ?"

ಸಿಟ್ಟಿನಿಂದ ಕೇಳಿದ್ದಲ್ಲ. ಪರೀಕ್ಷೆ ಬರೆದ ಹುಡುಗ ಮಾರ್ಕ್ಸ್ ಎಷ್ಟು ಬಂತು ಅಂತ ಮೇಷ್ಟ್ರನ್ನು ಕೇಳುವ ದನಿ. ಕೇಳಿ ಕಾಯುತ್ತಾ ಕೂತರು. ನನಗೆ ಬಾಯಿ ಬರಲಿಲ್ಲ. ಕೊನೆಗೆ "ಲೆಕ್ಕದ ಮನುಷ್ಯಾ ಅಂತಪ್ಪ" ಅಂದೆ. "ಹೌದೇನು" ಅಂದವರೇ ಕೈಯಲ್ಲಿದ್ದ ಕೆಲಸಕ್ಕೆ ತಿರುಗಿದರು.

ಆ ಕೆಲಸ ಯಾವುದು ಅಂತ ಹೇಳಬೇಕು. ಗೊಬ್ಬರದ ಚೀಲ, ಅಕ್ಕಿ ಚೀಲದ ಬಾಯಿಗೆ ಮಿಷನ್ ಹೊಲಿಗೆ ಇರುತ್ತಲ್ಲ, ಆ ದಾರ ಬಿಚ್ಚೋದು. ಹೊಲಿಗೆಗೆ ಎರಡು ತುದಿ. ಸರಿಯಾದ ತುದಿ ಹಿಡಿದರೆ ಇಡೀ ದಾರ ಸರ್ರಂತ ಕೈಗೆ ಬರುತ್ತೆ. ತಪ್ಪು ತುದಿ ಹಿಡಿದರೆ ಬಿಗಿಯುತ್ತೆ, ಆಮೇಲೆ ಕತ್ತರಿಯೇ ಗತಿ. ಅಪ್ಪ ಚೀಲವನ್ನು ಒಮ್ಮೆ ತಿರುಗಿಸಿ ನೋಡುತ್ತಾರೆ, ಉಗುರಲ್ಲಿ ಒಂದು ಎಳೆ ಎತ್ತುತ್ತಾರೆ, ಎಳೆಯುತ್ತಾರೆ. ಅವರ ಕೈ ತಪ್ಪಿದ್ದು ನಾನು ನೋಡಿಲ್ಲ. ಬಂದ ದಾರ ಉಂಡೆಗೆ ಸೇರುತ್ತೆ. ತೆಂಗಿನಕಾಯಿ ಗಾತ್ರದ ಉಂಡೆ. ಅಂಗಡಿಯಲ್ಲಿ ಗಂಟು ಕಟ್ಟೋಕೆ ನಾನು ಇವತ್ತಿನವರೆಗೂ ದಾರ ಕೊಂಡಿಲ್ಲ.

ಇಂಥವರನ್ನು ಜುಗ್ಗ ಅಂದವರಲ್ಲಿ ನಾನೇ ಮೊದಲಿಗ. ರಾಯಚೂರಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ಪ್ರತಿ ತಿಂಗಳು 5ನೇ ತಾರೀಕು 300 ರೂಪಾಯಿ ಮನಿಯಾರ್ಡರ್ ಬರುತ್ತಿತ್ತು. ಒಂದು ರೂಪಾಯಿ ಜಾಸ್ತಿ ಇಲ್ಲ, ಒಂದು ದಿನ ತಡ ಇಲ್ಲ. "ನಮ್ಮಪ್ಪ ಭಾರಿ ಕಂಜೂಸ್" ಅಂತ ಗೆಳೆಯರ ಮುಂದೆ ಹೇಳುತ್ತಿದ್ದೆ. ಮಳೆ ಕೈಕೊಟ್ಟ ವರ್ಷವೂ 5ನೇ ತಾರೀಕು ತಪ್ಪಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಬೆಂಗಳೂರಲ್ಲಿರುವ ನನ್ನ ತಮ್ಮ ಈಗಲೂ ಫೋನಲ್ಲಿ "ಮುದುಕ ಏನಂತಾನ, ಇನ್ನೂ ದಾರ ಸುತ್ತಾನೇನು" ಅಂತಾನೆ. ಅವನ ಸೈಟಿಗೆ ಮುಂಗಡ ಎಲ್ಲಿಂದ ಹೋಯಿತು ಅಂತ ಅವನಿಗೆ ನೆನಪಿರಬೇಕಿತ್ತು.

ಅವ್ವನನ್ನು ಊರೆಲ್ಲ ಧಾರಾಳಿ ಅನ್ನುತ್ತಿತ್ತು. ಬೇಸಿಗೆಯಲ್ಲಿ ಯಾರು ಬಂದು ಕೇಳಿದರೂ ಸೇರು ಜೋಳ ಹಾಕದೆ ಕಳಿಸಿದವಳಲ್ಲ. ಆದರೆ ಬೇಸಿಗೆವರೆಗೂ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಜೋಳ ಉಳಿಯುತ್ತಿತ್ತಲ್ಲ, ಅದು ಯಾರಿಂದ? ಅಳೆದು ಇಟ್ಟವರು ಅಪ್ಪ, ಮೊರದಲ್ಲಿ ಹಾಕಿ ಕೊಟ್ಟವಳು ಅವ್ವ. ಜೋಳ ಒಂದೇ. ಇಬ್ಬರಿಗೂ ಊರು ಬೇರೆ ಬೇರೆ ಹೆಸರಿಟ್ಟಿತು.

ಕೋಚಿಂಗ್‌ನಲ್ಲಿ ಅವಳಿಗೆ "ಸಿನೊನಿಮ್ ಅಂದರೆ ಒಂದೇ ಅರ್ಥ, ಯೋಚನೆ ಮಾಡ್ಬೇಡಿ, ಬಾಯಿಪಾಠ ಮಾಡಿ" ಅಂದಿದ್ದಾರಂತೆ. ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ 25 ಇಂಗ್ಲಿಷ್, ಒಂದು ತಪ್ಪಿಗೆ ಅರ್ಧ ಅಂಕ ಕಡಿತ. ಯೋಚಿಸೋಕೆ ಪುರುಸೊತ್ತಿಲ್ಲ, ಒಪ್ಪುತ್ತೇನೆ. ಆದರೂ ಹಾಗೆ ಹೇಳಿಕೊಡೋದು ತಪ್ಪು.

ಮಂಗಳವಾರ ಮಗಳು ತಾನಾಗಿ ದೊಡ್ಡ ಡಿಕ್ಷನರಿ ತೆಗೆದು ಕೂತಳು. ಅವಳಿಗೂ ನಿದ್ದೆ ಬಂದಿರಲಿಲ್ಲ ಅನಿಸುತ್ತೆ. ಥ್ರಿಫ್ಟ್ ಅನ್ನೋದು ಥ್ರೈವ್ ಪದದ ಬಳಗದ್ದು, ಬುಡದಲ್ಲಿ ಏಳಿಗೆ ಇದೆ. ಮೈಸರ್ ಲ್ಯಾಟಿನ್‌ನಿಂದ ಬಂದದ್ದು, ಅಲ್ಲಿ ಅದಕ್ಕೆ ದುಃಖಿ, ದಿಕ್ಕೆಟ್ಟವನು ಅಂತ ಅರ್ಥ. ನಮ್ಮ ಕೃಪಣ ಕೂಡ ಹಾಗೇ ಅಲ್ವಾ? ಸಂಸ್ಕೃತದಲ್ಲಿ ಅದಕ್ಕೆ ಜಿಪುಣ ಅಂತಲೂ ಅರ್ಥ, ಅಯ್ಯೋ ಪಾಪ ಅನ್ನುವಂಥವನು ಅಂತಲೂ ಅರ್ಥ. ಒಂದು ಪದದಲ್ಲಿ ಮನೆ ಏಳುತ್ತೆ, ಇನ್ನೊಂದರಲ್ಲಿ ಮನುಷ್ಯ ಕೊರಗುತ್ತಾನೆ. ಇವೆರಡನ್ನೂ ಒಂದೇ ಚೀಟಿಯಲ್ಲಿ ಬರೆದುಕೊಂಡಿದ್ದೆವು.

ಮಸ್ಕಿಯಲ್ಲಿ ಹುಟ್ಟಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. 1915ರಲ್ಲಿ ನಮ್ಮೂರ ಬಂಡೆಯ ಶಾಸನ ಸಿಕ್ಕಾಗ ದೇವಾನಾಂಪ್ರಿಯ ಅನ್ನುವ ಬಿರುದಿನ ಜೊತೆಗೆ ಅಶೋಕ ಅನ್ನುವ ಹೆಸರೂ ಕಾಣಿಸಿತು. ಶಾಲೆಯಲ್ಲಿ ಇದನ್ನು ಎಷ್ಟು ಸಲ ಒಪ್ಪಿಸಿದ್ದೇವೋ. ದೇವಾನಾಂಪ್ರಿಯ, ದೇವರಿಗೆ ಪ್ರಿಯನಾದವನು. ಅದೇ ಪದಕ್ಕೆ ಮುಂದೆ ಸಂಸ್ಕೃತದಲ್ಲಿ ಮೂರ್ಖ ಅನ್ನುವ ಅರ್ಥ ಬಂತು. ರಾಜ ಸತ್ತು ಎಷ್ಟೋ ಕಾಲವಾಗಿತ್ತು. ಅವನೇನೂ ಹೊಸದಾಗಿ ತಪ್ಪು ಮಾಡಿರಲಿಲ್ಲ. ಬಂಡೆ ಮೇಲೆ ಕೊರೆಸಿದ ಪದಕ್ಕೇ ಈ ಗತಿ.

ಅಪ್ಪನ ಆ "ಹೌದೇನು" ನನ್ನನ್ನು ಬಿಡುತ್ತಿಲ್ಲ. ನಂಬಿ ಅಂದರೋ, ಮಗ ಮುಚ್ಚಿಟ್ಟ ಅಂತ ತಿಳಿದು ಅಂದರೋ. ಅವರಿಗೆ 78 ವರ್ಷ. ಊರು ತಮ್ಮನ್ನು ಏನಂತ ಕರೆಯುತ್ತೆ ಅಂತ ಗೊತ್ತಿಲ್ಲದೆ ಇರುತ್ತಾ? ಜುಗ್ಗ ಅನ್ನೋದು ಎಷ್ಟು ಸಲ ಕಿವಿಗೆ ಬಿದ್ದಿರುತ್ತೆ, ಅದರಲ್ಲಿ ನನ್ನ ದನಿ ಎಷ್ಟು ಸಲ ಇತ್ತು? ಕನ್ನಡದಲ್ಲಂತೂ ತೀರ್ಪು ಆಗಿಹೋಗಿದೆ. ಇಂಗ್ಲಿಷ್‌ನಲ್ಲಾದರೂ ಬೇರೆ ಇರಬಹುದಾ ಅಂತ ಕೇಳಿದರೇನೋ. ಅಲ್ಲೂ ಮೊಮ್ಮಗಳು ಅದನ್ನೇ ಬರೆದಿಟ್ಟಿದ್ದಳು. ಅದನ್ನು ಅವಳಿಗೆ ಕಲಿಸಿದವನು ನಾನು.

ಗುರುವಾರ ಸಂಜೆ ಮಗಳು ಅವರ ಪಕ್ಕ ಹೋಗಿ ಕೂತಳು. ನಾನು ಒಳಗಿದ್ದೆ.

"ತಾತ, ಆವತ್ತು ನಾ ತಪ್ಪು ಪದ ಹೇಳಿದ್ದೆ. ನಿನ್ನ ಪದ ಫ್ರೂಗಲ್."

"ಹಂಗಂದ್ರ?"

"ಒಂದು ಕಾಳೂ ಹಾಳು ಮಾಡದಾಂವ. ಅದರ ಬುಡದಾಗ ಬೆಳಿ ಐತಿ ತಾತ, ಹೊಲದಾಗಿನ ಬೆಳಿ. ಲ್ಯಾಟಿನ್ ಮಂದಿ ಬೆಳಿಗೆ ಅನ್ನೋ ಪದದಿಂದನ ಇದು ಬಂದೈತಿ."

ಅಪ್ಪ ತುಸು ಹೊತ್ತು ಸುಮ್ಮನಿದ್ದರು. "ಯಾವ ಬೆಳಿ?" ಅಂತ ಕೇಳಿದರು.

"ಎಲ್ಲಾ ಬೆಳಿ."

"ಜೋಳಾನೂ ಬಂತಲ್ಲ ಹಂಗಾದ್ರ" ಅಂದರು.

ನಿನ್ನೆ ರಾತ್ರಿ ಮತ್ತೆ ಚೀಟಿ ಹಿಡಿದು ಕೂತೆವು. ಹಳೆ ಚೀಟಿಯನ್ನು ಅವಳು ಎರಡು ಮಾಡಿದ್ದಾಳೆ. ಥ್ರಿಫ್ಟಿ ಅಂತ ಓದಿದೆ. "ಫ್ರೂಗಲ್" ಅಂದಳು. ಕಂಬದ ಹತ್ತಿರ ದಾರ ಸುತ್ತುತ್ತಿದ್ದ ಕೈ ನಿಂತಿತು.

"ಅದು ನಂದಲ್ಲೇನವಾ?"

"ಹೂಂ ತಾತ, ನಿಂದ."

ದಾರ ಮತ್ತೆ ಸುತ್ತತೊಡಗಿತು. ನಾನು ಮುಂದಿನ ಚೀಟಿ ತೆಗೆದೆ.