ನಾಲ್ಕು ಕಾರ್ಡ್ ಜಾಸ್ತಿ

ಬೆಳಗಾವಿಯಲ್ಲಿ ಬೆಳಗಿನಿಂದ ಮಳೆ ನಿಂತಿಲ್ಲ. ಟಿಳಕವಾಡಿಯ ಮನೆಯಲ್ಲಿ ಚಾಪೆ ತುಂಬ ಕಾರ್ಡ್ ಹರಡಿಕೊಂಡು ಕೂತಿದ್ದೇನೆ. ಮ್ಯಾಜಿಕ್ ಅನ್ನೋ ಕಾರ್ಡ್ ಆಟಕ್ಕೆ ಹೊಸ ಕಮಾಂಡರ್ ಡೆಕ್, ಅಂದರೆ ಕಮಾಂಡರ್ ಅನ್ನೋ ಒಂದು ಮುಖ್ಯ ಕಾರ್ಡಿನ ಸುತ್ತ ಕಟ್ಟೋ ಕಾರ್ಡ್ ಕಟ್ಟು. ಕಮಾಂಡರ್ ಸೇರಿ 100 ಕಾರ್ಡ್ ಇರಬೇಕು. ಲ್ಯಾಂಡ್ ಅಂದರೆ ಉಳಿದ ಕಾರ್ಡ್ ಆಡಲು ಬೇಕಾದ ಶಕ್ತಿ, ಅಂದರೆ ಮಾನಾ, ಕೊಡೋ ಕಾರ್ಡ್. ಬೇಸಿಕ್ ಲ್ಯಾಂಡ್ ಬಿಟ್ಟರೆ ಒಂದೇ ಕಾರ್ಡ್ ಎರಡು ಸಲ ಹಾಕುವಂತಿಲ್ಲ. ನನ್ನ ಮುಂದೆ 104 ಇವೆ.

ನಾಲ್ಕು ತೆಗೆಯೋದಕ್ಕೆ ಒಂದು ತಾಸಿನಿಂದ ಮನಸ್ಸೇ ಬರುತ್ತಿಲ್ಲ. ಲ್ಯಾಂಡ್ ತೆಗೆಯೋಣ ಅನಿಸುತ್ತೆ. ಹೋದ ಸಲ ಹಾಗೇ ಮಾಡಿ 33ಕ್ಕೆ ಇಳಿಸಿದ್ದೆ. ಕೈತುಂಬ ದೊಡ್ಡ ದೊಡ್ಡ ಕಾರ್ಡ್, ಇಳಿಸಲು ಮಾನಾ ಇಲ್ಲ. ಉಳಿದ ಮೂವರು ಆಡಿದರು, ನಾನು ಸುಮ್ನೆ ಕೂತಿದ್ದೆ. ಈ ಸಲ 37 ಲ್ಯಾಂಡ್. ಅದನ್ನು ಮುಟ್ಟೋದಿಲ್ಲ.

ಹಸಿರು ಬಣ್ಣದ ಹಳೇ ಹಾವಿನ ಕಾರ್ಡ್ ಒಂದಿದೆ. ಮೂಲೆ ಸವೆದು ಬೆಳ್ಳಗಾಗಿದೆ. ಅಣ್ಣ ಪುಣೆಗೆ ಕೆಲಸಕ್ಕೆ ಹೋಗುವಾಗ ಕೊಟ್ಟಿದ್ದು. ನಾಲ್ಕು ಜನ ತಲಾ 40 ಲೈಫ್ ಇಟ್ಟುಕೊಂಡು ಕೂತಾಗ ಅದರಿಂದ ಹೆಚ್ಚೇನೂ ಆಗೋದಿಲ್ಲ, ಗೊತ್ತು. ಆದರೆ ಈ ಆಟ ಯಾರ ಹತ್ತಿರ ಕಲಿತೆವು ಅನ್ನೋದೂ ಡೆಕ್‌ನಲ್ಲಿ ಇರಬೇಕು, ಅಲ್ವಾ?

ಅವ್ವ ಬಂದು "ಎತ್ತಿಡೋ, ಊಟಕ್ಕ ಜಾಗಾ ಬೇಕು" ಅಂದಳು. ಹಾವಿನ ಕಾರ್ಡನ್ನು ಹೊಸ ಪ್ಲಾಸ್ಟಿಕ್ ಸ್ಲೀವ್‌ಗೆ ಹಾಕಿದೆ. ತೆಗೆಯಬೇಕಾದ ನಾಲ್ಕು ಇನ್ನೂ ಹಾಗೇ ಇವೆ.