ಗುಡುಗಿನ ತಿಂಗಳಲ್ಲಿ ಮನೆ ಸರ್ವರ್

ಏಪ್ರಿಲ್ 20, 2025, ಭಾನುವಾರ
ಕುವೆಂಪುನಗರ, ಮೈಸೂರು

ಸಂಜೆ ನಾಲ್ಕೂವರೆಗೆ ಬೆಟ್ಟದ ಕಡೆಯಿಂದ ಮೋಡ ಕವಿದು, ಮಳೆಗೆ ಮೊದಲೇ ಕರೆಂಟ್ ಎರಡು ಸಲ ಹೋಗಿ ಬಂತು. ಯುಗಾದಿಯಿಂದ ಮುಂಗಾರಿನವರೆಗೆ ನಮ್ಮೂರಲ್ಲಿ ಮನೆ ಸರ್ವರ್‌ಗೆ, ಅಂದರೆ ಮನೆಯ ಫೋಟೋ, ಫೈಲುಗಳನ್ನು ಇಟ್ಟುಕೊಂಡು ಹಗಲೂ ರಾತ್ರಿ ಓಡುವ ಕಂಪ್ಯೂಟರ್‌ಗೆ, ಮೊದಲ ಶತ್ರು ಇದೇ. ಹ್ಯಾಕರ್ ಮಾತು ಆಮೇಲೆ.

ಇನ್ವರ್ಟರ್ ಇದೆಯಲ್ಲ, ಯುಪಿಎಸ್ (ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಪೆಟ್ಟಿಗೆ) ಬೇರೆ ಯಾಕೆ ಅಂತ ಕೇಳುತ್ತಾರೆ. ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಹೊತ್ತು ಫ್ಯಾನಿಗೆ ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ತಡೆದುಕೊಳ್ಳುವುದು ಸುಮಾರು 16ರಿಂದ 20 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಹಾಕಿಡಿ, ಬದಲಾಗುವ ಹೊತ್ತು ಕಡಿಮೆಯಾಗುತ್ತದೆ. ಒರಟು ಅಲೆಯ ಕರೆಂಟ್ ಕೊಡುವ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಲೈನಿಗೆ ಯುಪಿಎಸ್ ಸಿಕ್ಕಿಸಿದರೆ ಇನ್ನೊಂದು ಪೇಚು: ಎಷ್ಟೋ ಯುಪಿಎಸ್‌ಗಳು ಆ ಕರೆಂಟನ್ನು ಒಪ್ಪದೆ ತಮ್ಮ ಬ್ಯಾಟರಿಯಲ್ಲೇ ಓಡಿ ಖಾಲಿಯಾಗುತ್ತವೆ. ಯುಪಿಎಸ್ಸನ್ನು ಇನ್ವರ್ಟರ್ ಮೂಲಕ ಬರದ ನೇರ ಮೇನ್ಸ್ ಲೈನಿಗೇ ಕೊಡಿ.

ಮಿನಿ ಪಿಸಿ, ಒಂದು ಡಿಸ್ಕ್, ರೂಟರ್‌ಗೆ 600 ವಿಎ (ವೋಲ್ಟ್ ಆಂಪಿಯರ್) ಯುಪಿಎಸ್ ಧಾರಾಳ. ಆದರೆ ಯುಪಿಎಸ್ ಹಿಂಭಾಗ ತಿರುಗಿಸಿ ಯುಎಸ್‌ಬಿ ಪೋರ್ಟ್ ಇದೆಯಾ ಅಂತ ನೋಡಿಯೇ ಕೊಳ್ಳಿ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅದಿಲ್ಲದಿದ್ದರೆ ಬ್ಯಾಟರಿ ಮುಗಿಯುತ್ತಿದೆ ಅಂತ ಸರ್ವರ್‌ಗೆ ಹೇಳುವವರೇ ಇಲ್ಲ. ಕೇಬಲ್ ಸಿಕ್ಕಿಸಿ, ಯುಪಿಎಸ್ ಸ್ಥಿತಿಯನ್ನು ಸರ್ವರ್‌ಗೆ ತಿಳಿಸುವ ನಟ್ (NUT) ತಂತ್ರಾಂಶ ಹಾಕಿ, ಬ್ಯಾಟರಿಗೆ ಬಂದ ಐದು ನಿಮಿಷಕ್ಕೆ ಶಟ್‌ಡೌನ್ ಅಂತ ಹೇಳಿಡಿ. ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಕರೆಂಟ್ ಬಂದ ಕೂಡಲೇ ಆನ್ ಆಗುವ ಆಯ್ಕೆಯೂ ಇರಲಿ.

ಇಲ್ಲೇ ಬಹಳ ಜನ ಎಡವುವುದು. ಸರ್ವರ್ ಶಟ್‌ಡೌನ್ ಆಯಿತು, ಯುಪಿಎಸ್ ಬ್ಯಾಟರಿ ಇನ್ನೂ ಇದೆ, ಅಷ್ಟರಲ್ಲಿ ಕರೆಂಟ್ ಬಂತು. ಮಿನಿ ಪಿಸಿಯ ಮಟ್ಟಿಗೆ ಕರೆಂಟ್ ಹೋಗೇ ಇಲ್ಲ, ಹಾಗಾಗಿ ಅದು ಏಳುವುದಿಲ್ಲ. ಶಟ್‌ಡೌನ್‌ನ ಕೊನೆಗೆ ಯುಪಿಎಸ್ ತನ್ನ ಔಟ್‌ಪುಟ್ಟನ್ನೇ ಕಡಿಯುವಂತೆ ನಟ್‌ನಲ್ಲಿ ಪವರ್‌ಡೌನ್ ಫ್ಲ್ಯಾಗ್ ಎಂಬ ಸೂಚನೆ ಇದೆ, ಅದನ್ನು ಹೊಂದಿಸಿ. ಆಮೇಲೆ ಮೇನ್ಸ್ ಪ್ಲಗ್ ಕಿತ್ತು ಪೂರ್ತಿ ಸುತ್ತು ಒಮ್ಮೆ ನೋಡಲೇಬೇಕು. ಯುಪಿಎಸ್ ಒಳಗಿನ ಮೂರು ವರ್ಷದ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿಯ ಬಣ್ಣ ಬಯಲಾಗುವುದೂ ಆಗಲೇ: ಬಿಚ್ಚಿದರೆ ಎಷ್ಟೋ ಸಲ ಬ್ಯಾಟರಿಯ ಪಕ್ಕ ಉಬ್ಬಿರುತ್ತದೆ, ಎಳೆದರೆ ಡಬ್ಬಿಯಲ್ಲೇ ಕಚ್ಚಿಕೊಳ್ಳುತ್ತದೆ. ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ.

ಸಿಡಿಲಿಗೆ ಯುಪಿಎಸ್ ಮದ್ದಲ್ಲ. ತಾರಸಿ ಕ್ಯಾಮೆರಾದಿಂದ ಇಳಿದು ಬರುವ ತಾಮ್ರದ ನೆಟ್‌ವರ್ಕ್ ಕೇಬಲ್ಲನ್ನು ಗುಡುಗು ಶುರುವಾಗುವ ಮೊದಲೇ ಕಿತ್ತಿಡಿ.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಚೇರಿಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಸಾಕು. ಸರಾಸರಿ 12 ವ್ಯಾಟ್ ಅಂದರೆ ವರ್ಷಕ್ಕೆ ಸುಮಾರು 105 ಯೂನಿಟ್. ಝಡ್‌ಎಫ್‌ಎಸ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವ ಫೈಲ್ ವ್ಯವಸ್ಥೆ) ಹಾಕುವವರು ಎಸ್‌ಎಂಆರ್ ಡಿಸ್ಕ್ (ಬರಹದ ಸಾಲುಗಳು ಒಂದರ ಮೇಲೊಂದು ಬರುವ ಬಗೆ) ಬಿಟ್ಟು ಸಿಎಂಆರ್ (ಸಾಲುಗಳು ಬೇರೆ ಬೇರೆ ಇರುವ ಬಗೆ) ಕೊಳ್ಳಿ. ಕೆಟ್ಟ ಡಿಸ್ಕ್ ಬದಲಿಸಿ ಮತ್ತೆ ತುಂಬಿಸುವಾಗ ಎಸ್‌ಎಂಆರ್ ತೆವಳುತ್ತದೆ, ಕೆಲವೊಮ್ಮೆ ಅರ್ಧಕ್ಕೇ ಕೈಕೊಡುತ್ತದೆ.

ಇವತ್ತಿನ ದೊಡ್ಡ ಕೆಲಸ ಬ್ಯಾಕಪ್ ಮರಳಿ ತೆಗೆದು ನೋಡುವುದು. ಎರಡು ಡಿಸ್ಕ್ ಮಿರರ್ ಮಾಡಿದರೆ (ಒಂದೇ ಮಾಹಿತಿಯನ್ನು ಎರಡಕ್ಕೂ ಒಟ್ಟಿಗೆ ಬರೆದರೆ) ಬ್ಯಾಕಪ್ ಆಗುವುದಿಲ್ಲ, ತಪ್ಪಿ ಅಳಿಸಿದ ಫೋಲ್ಡರ್ ಎರಡರಲ್ಲೂ ಒಟ್ಟಿಗೇ ಹೋಗುತ್ತದೆ. ಫೋಟೋ ಸಂಗ್ರಹದ ತಂತ್ರಾಂಶ ಇಮ್ಮಿಚ್ ಬಳಸುವವರು ಫೋಟೋ ಫೋಲ್ಡರ್ ಒಂದನ್ನೇ ನಕಲಿಸಿದರೆ ಆಲ್ಬಮ್ಮು, ಮುಖಗಳ ಹೆಸರು ಎಲ್ಲಾ ಖಾಲಿ, ಅವು ಇರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ. ಓಡುತ್ತಿರುವ ಡೇಟಾಬೇಸ್‌ನ ಫೈಲುಗಳನ್ನು ಹಾಗೇ ನಕಲಿಸಿದರೂ ನೆಚ್ಚುವಂತಿಲ್ಲ. ಮೊದಲು ಡಂಪ್ (ಡೇಟಾಬೇಸ್ ತಾನೇ ಬರೆದುಕೊಡುವ ಪೂರ್ತಿ ನಕಲು) ತೆಗೆದು, ಆಮೇಲೆ ಬ್ಯಾಕಪ್ ತಂತ್ರಾಂಶ ರೆಸ್ಟಿಕ್ ಓಡಿಸಿ. ದಿನದ್ದು 7, ವಾರದ್ದು 4, ತಿಂಗಳದ್ದು 12 ಪ್ರತಿ ಉಳಿಸುವುದು ಮನೆಗೆ ಸರಿಯಾದ ಲೆಕ್ಕ. ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಖಾಲಿ ಇಮ್ಮಿಚ್ ಎಬ್ಬಿಸಿ, ಡಂಪ್ ಜೊತೆ ಫೋಟೋಗಳನ್ನೂ ತುಂಬಿಸಿ, ಒಂದು ಹಳೇ ಆಲ್ಬಂ ತೆರೆದು ಫೋಟೋ ಎಣಿಸಿ.

ಎರಡನೇ ಪ್ರತಿ ಮಂಡ್ಯದ ಅಕ್ಕನ ಮನೆಯಲ್ಲಿ. ಸುಮಾರು 45 ಕಿಲೋಮೀಟರ್ ದೂರ, ಇಲ್ಲಿಯ ಸಿಡಿಲು ಅಲ್ಲಿಯ ಡಿಸ್ಕ್ ಮುಟ್ಟುವುದಿಲ್ಲ. ಅಲ್ಲಿ ರೆಸ್ಟಿಕ್ ಪ್ರತಿಗಳನ್ನು ತೆಗೆದುಕೊಳ್ಳುವ ರೆಸ್ಟ್ ಸರ್ವರ್ ತಂತ್ರಾಂಶ, ಹೊಸದನ್ನು ಸೇರಿಸಲು ಮಾತ್ರ ಬಿಡುವ ಅಪೆಂಡ್ ಓನ್ಲಿ ಸ್ಥಿತಿಯಲ್ಲಿ ಓಡುತ್ತದೆ. ಇಲ್ಲಿಯ ಯಂತ್ರ ಯಾರ ಕೈಗೆ ಸಿಕ್ಕರೂ ಅಲ್ಲಿಯ ಹಳೇ ಪ್ರತಿ ಅಳಿಸಲಾಗದು. ಹಳತನ್ನು ತೆಗೆಯುವ ಕೆಲಸ ಮಂಡ್ಯದ ಯಂತ್ರದಲ್ಲೇ ನಡೆಯಬೇಕು.

ಹೊರಗಿನಿಂದ ಸರ್ವರ್‌ಗೆ ಬರಲು ವೈರ್‌ಗಾರ್ಡ್ (ಗುಪ್ತ ಸುರಂಗದಂಥ ವಿಪಿಎನ್ ಸಂಪರ್ಕ) ಒಂದೇ ಬಾಗಿಲು. ಸರಿಯಾದ ಕೀಲಿ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಇಂಟರ್ನೆಟ್ ಕಂಪನಿ ಸಿಜಿ-ನ್ಯಾಟ್ (ಹಲವು ಮನೆಗಳಿಗೆ ಒಂದೇ ಹೊರ ವಿಳಾಸ ಹಂಚುವ ವ್ಯವಸ್ಥೆ) ಹಿಂದೆ ಕೂರಿಸಿದ್ದರೆ ರೂಟರ್‌ನಲ್ಲಿ ಪೋರ್ಟ್ ತೆರೆದರೂ ಫಲವಿಲ್ಲ, ಆಗ ಪೋರ್ಟ್ ತೆರೆಯದೆಯೇ ಸಂಪರ್ಕ ಕೊಡುವ ಟೇಲ್‌ಸ್ಕೇಲ್ ಬಳಸಿ. ದೂರದಿಂದ ಸರ್ವರ್‌ಗೆ ಆಜ್ಞೆ ಕೊಡುವ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಕೀಲಿ (ಗುಪ್ತ ಕೀ ಫೈಲ್) ಮಾತ್ರ ಇಡಿ.

ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಬ್ಯಾಕಪ್ಪನ್ನು ಯಾರಿಂದಲೂ ತೆರೆಯಲಾಗದು. ಅದನ್ನು ಕಾಗದದಲ್ಲಿ ಬರೆದು ಒಂದು ಪ್ರತಿ ಇಲ್ಲಿ ಬೀರುವಿನಲ್ಲಿ ಮನೆ ಪತ್ರಗಳ ಜೊತೆ, ಇನ್ನೊಂದು ಮಂಡ್ಯದಲ್ಲಿ ಅಕ್ಕನ ಕೈಯಲ್ಲಿ.